ಗಿಡಕ್ಕೆ ಬಲೆ ಸುತ್ತಿ, ಅಪ್ಪ ಮನೇಲಿ ಮಲಗಲಿ

ಮುಂಗಾರು ಹಿಡಿದ ಮೇಲೆ ಶನಿವಾರ ಬೆಳಿಗ್ಗೆ ಬೆಂಗಳೂರಿಂದ ತುಮಕೂರು ಕಡೆ ಬರೋ ಕಾರುಗಳ ಡಿಕ್ಕಿ ತೆಗೆಸಿ ನೋಡಬೇಕು. ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕದಲ್ಲೇ ಹಲಸು, ಮಾವು, ನಿಂಬೆ, ಸೀಬೆ ಸಸಿಗಳು ಕೂತಿರುತ್ತವೆ. ಗುಬ್ಬಿಯೋ ಕುಣಿಗಲ್ಲೋ, ಊರಿನ ಜಮೀನಲ್ಲಿ ಎರಡು ದಿನ ಬೆವರು ಸುರಿಸಿ ನೆಟ್ಟು, ಫೋಟೋ ಸ್ಟೇಟಸ್‌ಗೆ ಹಾಕಿ, ಭಾನುವಾರ ಸಂಜೆ ವಾಪಸ್. ಮುಂದಿನ ವಾರ ಬಂದು ನೋಡಿದರೆ ಅರ್ಧ ಗುಂಡಿಗಳಲ್ಲಿ ಬರೀ ಕಡ್ಡಿ. "ಜಿಂಕೆ ಕಣಪ್ಪಾ" ಅಂತ ಒಬ್ಬರು, "ಜಿಂಕೆ ಎಲ್ಲಿಂದ ಬಂತು, ಹೆಗ್ಗಣ" ಅಂತ ಇನ್ನೊಬ್ಬರು. ಕೊನೆಗೆ ಅಪ್ಪನೋ ಮಾವನೋ ಒಂದು ಮಾತು ಹೇಳ್ತಾರೆ: "ಬಿಡು, ನಾಳೆಯಿಂದ ರಾತ್ರಿ ಹೊತ್ತು ನಾನೇ ಹೋಗಿ ಕಾಯ್ತೀನಿ."

ಈ ವಾರದ ಅಂಕಣ ಆ ಕೊನೆಯ ಮಾತಿನ ಬಗ್ಗೆ. ಅರವತ್ತು ದಾಟಿದ ಮನುಷ್ಯ ಒಂದು ಟಾರ್ಚು, ಒಂದು ಕಂಬಳಿ ಹಿಡಿದುಕೊಂಡು ತೋಟದಲ್ಲಿ ರಾತ್ರಿ ಕಳೆಯೋದು ಬೇಡವಾಗೋ ಹಾಗೆ ಸಸಿಗಳನ್ನ ಕಾಯೋದು ಹೇಗೆ?

ರಾತ್ರಿ ಕಾವಲು ಯಾಕೆ ಬೇಡ

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳೋ ಅಗತ್ಯ ಇಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗಿನ ಕೆಲವೇ ತಿಂಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಸೇರೋ ಕಡೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಹಲವರು ಬಲಿಯಾದರು. ಅದರಲ್ಲಿ ಪುಟ್ಟ ಮಕ್ಕಳೂ ಇದ್ದರು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಎಷ್ಟೋ ಮನೆಗಳಲ್ಲಿ ಕತ್ತಲಾದ ಮೇಲೆ ಹೊರಗೆ ಹೋಗೋದನ್ನೇ ನಿಲ್ಲಿಸಿದರು. ಚಿರತೆ ಬೇರೆ ಎಲ್ಲಿಂದಲೋ ಬಂದದ್ದಲ್ಲ. ಕಲ್ಲುಗುಡ್ಡ, ಲಂಟಾನ ಪೊದೆ, ತೆಂಗು-ಅಡಿಕೆ ತೋಟ, ಕೆರೆ ಹಿಂದಿನ ಜಾಲಿ, ಇದೇ ಅದರ ಓಡಾಟದ ಜಾಗ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಸಸಿ ತಿನ್ನೋ ಮೊಲ, ಮುಳ್ಳುಹಂದಿ, ಕಾಡುಹಂದಿ ಮರಿ, ಇವೆಲ್ಲ ಚಿರತೆಯ ಊಟದ ಪಟ್ಟಿಯಲ್ಲೂ ಇವೆ. ಅಂದರೆ ಸಸಿ ಹತ್ತಿರ ಮೊಲ ಬರೋ ಹೊತ್ತಿಗೇ ಅದರ ಹಿಂದೆ ಚಿರತೆಯೂ ಬರಬಹುದು. ಆ ಹೊತ್ತಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಮನುಷ್ಯ ಕತ್ತಲಲ್ಲಿ ಒಂದು ಸಣ್ಣ ಪ್ರಾಣಿಯಷ್ಟೇ ಎತ್ತರ ಕಾಣ್ತಾನೆ. ಮೊದಲೇ ರಾತ್ರಿ ತ್ರೀ ಫೇಸ್ ಬಂತು ಅಂತ ಮೋಟಾರ್ ಹಾಕೋಕೆ ಎದ್ದು ಹೋಗೋದು ಇದ್ದೇ ಇದೆ. ಅದರ ಮೇಲೆ ಇದೊಂದು ಪಾಳಿ ಬೇಕಾ?

ಯಾರು ತಿಂದರು ಅಂತ ಮೊದಲು ಪತ್ತೆ ಮಾಡಿ

ಆಫೀಸಲ್ಲಿ ಬಗ್ ಬಂದರೆ ಮೊದಲು ಲಾಗ್ ನೋಡ್ತೀವಿ ತಾನೇ? ತೋಟದಲ್ಲಿ ಲಾಗ್ ಅಂದ್ರೆ ಹಲ್ಲಿನ ಗುರುತು, ಹೆಜ್ಜೆ, ಹಿಕ್ಕೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಮೊಬೈಲಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಪೆನ್ ಇಡಿ.

ಮೊಲ: ಕಾಂಡ ಓರೆಯಾಗಿ, ಚಾಕುವಿನಲ್ಲಿ ಕೊಯ್ದ ಹಾಗೆ ನೀಟಾಗಿ ತುಂಡಾಗಿರುತ್ತೆ. ಗುರುತು ನೆಲದಿಂದ ಒಂದೂವರೆ ಎರಡು ಅಡಿ ಒಳಗೇ ಇರುತ್ತೆ. ಸುತ್ತ ದುಂಡಗಿನ ಒಣ ಹಿಕ್ಕೆ. "ಯಾರೋ ಹೊಟ್ಟೆಕಿಚ್ಚಿಗೆ ಕತ್ತರಿಸಿದ್ದಾರೆ" ಅಂತ ಪಕ್ಕದ ಜಮೀನಿನವರ ಮೇಲೆ ಅನುಮಾನ ಹುಟ್ಟಿಸೋದು ಈ ಗುರುತೇ. ಜಗಳಕ್ಕೆ ಹೋಗೋ ಮೊದಲು ಹಿಕ್ಕೆ ಹುಡುಕಿ.

ಜಿಂಕೆ: ಜಿಂಕೆಗೆ ಮೇಲ್ದವಡೆಯಲ್ಲಿ ಮುಂಹಲ್ಲು ಇಲ್ಲ. ಅದು ಕಚ್ಚಿ ಎಳೆಯುತ್ತೆ. ಹಾಗಾಗಿ ತುದಿ ಹರಿದು, ನಾರು ನಾರಾಗಿರುತ್ತೆ. ಮೂರು-ನಾಲ್ಕು ಅಡಿ ಎತ್ತರದ ಚಿಗುರೂ ಹೋಗಿರುತ್ತೆ. ಗಂಡು ಜಿಂಕೆ ಕೊಂಬು ಉಜ್ಜಿದರೆ ಕಾಂಡದ ತೊಗಟೆ ಉದ್ದಕ್ಕೆ ಸಿಪ್ಪೆಯಂತೆ ಸುಲಿದಿರುತ್ತೆ. ಆದರೆ ಇಲ್ಲೊಂದು ತಮಾಷೆ ಇದೆ. ಮೇಕೆ, ಕುರಿಗೂ ಮೇಲಿನ ಮುಂಹಲ್ಲು ಇಲ್ಲ! ಗುರುತು ಥೇಟ್ ಹಾಗೇ ಇರುತ್ತೆ. ಜಿಂಕೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ದೇವರಾಯನದುರ್ಗದ ಕೆಳಗಿನ ನಾಮದ ಚಿಲುಮೆ. ಅಲ್ಲಿನ ಜಿಂಕೆ ವನದವು ಬೇಲಿ ಒಳಗಿರೋವು. ಬಯಲಲ್ಲಿ ಓಡಾಡೋ ಕೃಷ್ಣಮೃಗ ನೋಡಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೇ ಹೋಗಬೇಕು. ಕಾಡಂಚಿನಲ್ಲಿಲ್ಲದ ಜಮೀನಲ್ಲಿ "ಜಿಂಕೆ" ಅಂತ ತೀರ್ಮಾನ ಮಾಡೋ ಮೊದಲು ಬೀದಿ ಮೇಕೆಗಳ ದಾರಿ ಯಾವುದು ಅಂತ ಒಮ್ಮೆ ವಿಚಾರಿಸಿ.

ಇಲಿ, ಹೆಗ್ಗಣ: ಗುರುತು ಮಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕೂ ಕೆಳಗೆ. ಸಣ್ಣ ಸಣ್ಣ ಜೋಡಿ ಗೀರುಗಳು. ಮೇಲಿಂದ ಗಿಡ ಚೆನ್ನಾಗೇ ಕಾಣ್ತಿರುತ್ತೆ, ಒಂದು ದಿನ ಬಾಡಿ ವಾಲುತ್ತೆ, ಎಳೆದರೆ ಸುಲಭವಾಗಿ ಕೈಗೆ ಬರುತ್ತೆ. ಬೇರು ಕಡಿದುಹೋಗಿರುತ್ತೆ. ಗೆದ್ದಲು ತಿಂದರೂ ಗಿಡ ಹೀಗೇ ಬಾಡುತ್ತೆ. ಆದರೆ ಗೆದ್ದಲಿದ್ದರೆ ಕಾಂಡಕ್ಕೆ ಮಣ್ಣಿನ ಮೆತ್ತು ಹತ್ತಿರುತ್ತೆ, ಹಲ್ಲಿನ ಗೀರು ಇರಲ್ಲ.

ಮುಳ್ಳುಹಂದಿ, ಕಾಡುಹಂದಿ: ತೆಂಗಿನ ಸಸಿ ಅಂದ್ರೆ ಎರಡಕ್ಕೂ ಪ್ರಾಣ. ಮುಳ್ಳುಹಂದಿ ಬುಡ ಕೆರೆದು ಎಳೆ ತಿರುಳು ತಿನ್ನುತ್ತೆ. ಅಗಲವಾದ ಹಲ್ಲಿನ ಗುರುತು, ಅದೃಷ್ಟ ಇದ್ದರೆ ಒಂದೆರಡು ಮುಳ್ಳು ಬಿದ್ದಿರುತ್ತವೆ. ಕಾಡುಹಂದಿ ಬಂದಿದ್ದರೆ ಸುತ್ತಲಿನ ನೆಲವೇ ಉತ್ತ ಹಾಗೆ ಆಗಿರುತ್ತೆ.

ಕಸಿ ಗಿಡವಾದರೆ ನಷ್ಟ ಕಾಣದೇ ಆಗುತ್ತೆ

ಗುಬ್ಬಿ ತಾಲ್ಲೂಕಿನವರಿಗೆ ಈ ಭಾಗ ಬಹಳ ಮುಖ್ಯ. ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ಜಮೀನಿನ ಹಲಸಿನ ಮರವೇ ಈಗ ಎಲ್ಲರ ಬಾಯಲ್ಲಿರುವ 'ಸಿದ್ದು' ತಳಿ. ಅವರ ತಂದೆ ಸಿದ್ದಪ್ಪ ಅವರ ನೆನಪಲ್ಲಿ ಆ ಹೆಸರು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಗುರುತಿಸಿ, 2017ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಬೆಳೆಸೋಕೆ ಶುರು ಮಾಡಿದರು. ಹಣ್ಣು ಸುಮಾರು ಎರಡೂವರೆ ಕಿಲೋ, ತೊಳೆ ತಾಮ್ರಗೆಂಪು. ಒಂದೇ ಊರಿನ ಒಂದೇ ಮರದಿಂದ ಹೊರಟ ತಳಿ ಅದು. ಅದರ ಗುಣ ಇರೋದೆಲ್ಲ ಕಸಿ ಗಂಟಿನ ಮೇಲಿನ ಕೊಂಬೆಯಲ್ಲಿ. ಗಂಟಿನ ಕೆಳಗಿರೋದು ಯಾವುದೋ ಸಾಧಾರಣ ಹಲಸಿನ ಬೀಜದಿಂದ ಬಂದ ಬೇರು.

ಈಗ ಮೊಲ ಗಂಟಿನ ಮೇಲೆ ಕಡಿದರೆ ಪರವಾಗಿಲ್ಲ, ಉಳಿದ ಕಣ್ಣಿಂದ ಸಿದ್ದುವೇ ಚಿಗುರುತ್ತೆ. ಗಂಟಿನ ಕೆಳಗೆ ಕಡಿದರೆ? ಗಿಡ ಸಾಯಲ್ಲ. ಒಂದು ತಿಂಗಳಲ್ಲಿ ದಷ್ಟಪುಷ್ಟವಾಗಿ ಚಿಗುರುತ್ತೆ. ಮನೆಯವರೆಲ್ಲ "ಅಬ್ಬಾ, ಉಳೀತು" ಅಂತ ಖುಷಿಪಡ್ತಾರೆ. ಆದರೆ ಅದು ಸಿದ್ದು ಅಲ್ಲ, ಬುಡದ ಕಾಡು ಹಲಸು. ಕಸಿ ಗಿಡವಾಗಿದ್ದರೆ ಮೂರ್ನಾಲ್ಕು ವರ್ಷಕ್ಕೆ ಕಾಯಿ ಕಾಣಬೇಕಿತ್ತು. ಇದು ಏಳೆಂಟು ವರ್ಷ ಕಾಯಿಸಿ, ಆಮೇಲೆ ಇನ್ಯಾವುದೋ ಹಣ್ಣು ಕೊಡುತ್ತೆ. ಆ ವರ್ಷಗಳನ್ನ ವಾಪಸ್ ತರೋಕೆ ಆಗಲ್ಲ. ಹಾಗಾಗಿ ಕಸಿ ಗಿಡ ನೆಟ್ಟ ದಿನವೇ ಗಂಟು ಎಲ್ಲಿದೆ ಅಂತ ನೋಡಿ, ಅಲ್ಲಿ ಸಡಿಲವಾಗಿ ಒಂದು ಬಣ್ಣದ ದಾರ ಕಟ್ಟಿ. ಅದರ ಕೆಳಗೆ ಬರೋ ಚಿಗುರನ್ನೆಲ್ಲ ಚಿವುಟಿ. ಗಂಟು ಮಣ್ಣಲ್ಲಿ ಹೂತುಹೋಗದಂತೆಯೂ ನೋಡಿಕೊಳ್ಳಿ.

ಬೇಲಿ ಜಮೀನಿಗೋ, ಗಿಡಕ್ಕೋ?

ಎಲ್ಲರೂ ಮೊದಲು ಯೋಚಿಸೋದು ಇಡೀ ಜಮೀನಿಗೆ ಬೇಲಿ. ಕ್ಯಾಲ್ಕುಲೇಟರ್ ತೆಗೆದು ಒಂದು ಲೆಕ್ಕ ಹಾಕೋಣ.

ಒಂದು ಎಕರೆ ಅಂದ್ರೆ 43,560 ಚದರ ಅಡಿ. ಚೌಕವಾಗಿದೆ ಅಂದುಕೊಂಡರೆ ಒಂದು ಬದಿ ಸುಮಾರು 209 ಅಡಿ, ಸುತ್ತಳತೆ ಸುಮಾರು 835 ಅಡಿ. ಐದು ಅಡಿ ಎತ್ತರದ ಮೆಷ್ ಆದರೆ ನಾಲ್ಕು ಸಾವಿರ ಚದರ ಅಡಿಗಿಂತ ಜಾಸ್ತಿ ಬೇಕು. ಎಂಟು ಅಡಿಗೊಂದರಂತೆ ನೂರಕ್ಕೂ ಹೆಚ್ಚು ಕಂಬ. ಗೇಟು, ಕೂಲಿ ಬೇರೆ.

ಅದೇ ಎಕರೆಯಲ್ಲಿ ಹಲಸನ್ನೋ ತೆಂಗನ್ನೋ 30 ಅಡಿ ಅಂತರಕ್ಕೆ ನೆಟ್ಟರೆ ಸುಮಾರು 48 ಗಿಡ. ಪ್ರತಿ ಗಿಡಕ್ಕೆ ಎರಡು ಅಡಿ ಅಗಲದ ದುಂಡಗಿನ ಬಲೆ ಸುತ್ತೋಕೆ ಆರೂವರೆ ಅಡಿ ಉದ್ದದ ಮೆಷ್ ಸಾಕು. 48 ಗಿಡಕ್ಕೆ 312 ಅಡಿ. ಮೂರು ಅಡಿ ಎತ್ತರ ಇಟ್ಟರೆ ಒಟ್ಟು 936 ಚದರ ಅಡಿ. ಅಂದರೆ ಸುತ್ತುಬೇಲಿಗೆ ಬೇಕಾದ ಮೆಷ್‌ನ ಕಾಲು ಭಾಗಕ್ಕಿಂತಲೂ ಕಮ್ಮಿ. ಕಾಂಕ್ರೀಟ್ ಕಂಬ ಬೇಡ, ಬಿದಿರು ಗೂಟ ಸಾಕು. ಗಿಡ ದೊಡ್ಡದಾದ ಮೇಲೆ ಬಿಚ್ಚಿ ಬೇರೆ ಸಸಿಗೆ ಹಾಕಬಹುದು.

ಈ ಲೆಕ್ಕ ಎಲ್ಲ ತೋಟಕ್ಕೂ ಬರಲ್ಲ. ಸೀಬೆ ಅಥವಾ ದಾಳಿಂಬೆ 10 ಅಡಿ ಅಂತರಕ್ಕೆ ನೆಟ್ಟರೆ ಎಕರೆಗೆ 435 ಗಿಡ, ಮೆಷ್ 2,800 ಅಡಿ ದಾಟುತ್ತೆ. ಅಲ್ಲಿ ಸುತ್ತುಬೇಲಿಯೇ ಸರಿ. ಮೆಷ್ ಒಂದನ್ನೇ ನೋಡಿದರೆ, ಎಕರೆಗೆ ಇನ್ನೂರು ಗಿಡದ ಆಸುಪಾಸಲ್ಲಿ ಎರಡೂ ಸರಿಸಮ ಆಗುತ್ತೆ. ನಿಮ್ಮ ಜಮೀನು ಉದ್ದನೆಯ ಪಟ್ಟಿಯಾಗಿದ್ದರೆ ಸುತ್ತಳತೆ ಇನ್ನೂ ಜಾಸ್ತಿ, ಗಿಡಕ್ಕೊಂದು ಬಲೆ ಇನ್ನೂ ಲಾಭ.

ಬಲೆ ಕಟ್ಟೋ ಕ್ರಮ

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಥರ ಸಿಗುತ್ತೆ: ತೆಳ್ಳಗಿನ ಚಿಕನ್ ಮೆಷ್, ಗಟ್ಟಿ ವೆಲ್ಡ್ ಮೆಷ್. ಮೊಲ, ಮೇಕೆಗೆ ಚಿಕನ್ ಮೆಷ್ ಸಾಕು. ಹಂದಿ, ಮುಳ್ಳುಹಂದಿ ಕಾಟ ಇದ್ದರೆ ವೆಲ್ಡ್ ಮೆಷ್ ತಗೊಳ್ಳಿ. ಕಣ್ಣಿನ ಅಳತೆ ಒಂದು ಇಂಚಿದ್ದರೆ ಮೊಲದ ಮರಿಯೂ ತೂರಲ್ಲ. ಸಣ್ಣ ಇಲಿ ತಡೆಯಬೇಕಾದರೆ ಬುಡದ ಒಂದು ಅಡಿಗೆ ಮಾತ್ರ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನದ್ದು ಒಳಗೆ ಸುತ್ತಿ.

ಮೂರು ಬಿದಿರು ಗೂಟ ತ್ರಿಕೋನವಾಗಿ ಹೊಡೆದು, ಮೆಷ್ ಸುತ್ತಿ, ಬೈಂಡಿಂಗ್ ವೈರಲ್ಲಿ ಬಿಗಿಯಿರಿ. ಕೆಳಗಿನ ಅರ್ಧ ಅಡಿ ಮಣ್ಣಲ್ಲಿ ಹೂಳಬೇಕು, ಇಲ್ಲಾಂದ್ರೆ ಹೊರಕ್ಕೆ ಮಡಚಿ ಮೇಲೆ ಕಲ್ಲು ಹೇರಬೇಕು. ಕೆರೆಯೋ ಪ್ರಾಣಿ ಬಲೆಯ ಬುಡದಲ್ಲೇ ಕೆರೆಯುತ್ತೆ, ಅಲ್ಲಿ ಮಡಿಕೆ ಸಿಕ್ಕರೆ ಬಿಟ್ಟು ಹೋಗುತ್ತೆ. ಹೂತರೆ ನೆಲದ ಮೇಲೆ ಉಳಿಯೋದು ಎರಡೂವರೆ ಅಡಿ, ಮೊಲಕ್ಕೆ ಅಷ್ಟು ಸಾಕು. ಮೇಕೆ ಓಡಾಡೋ ಕಡೆ ನಾಲ್ಕು ಅಡಿ ಇರಲಿ. ಜಿಂಕೆ ಬರೋ ಕಾಡಂಚಾದರೆ ಐದಾರು ಅಡಿ ಬೇಕು, ಬಲೆಯ ಅಗಲವೂ ಮೂರು ಅಡಿ ಇರಲಿ. ಇಲ್ಲಾಂದ್ರೆ ಕುತ್ತಿಗೆ ಚಾಚಿ ಚಿಗುರು ತಿನ್ನುತ್ತೆ.

ಗೂಟಕ್ಕೆ ಬಿದಿರು ಇಲ್ಲದಿದ್ದರೆ ಗೊಬ್ಬರದ ಗಿಡ, ಅಂದ್ರೆ ಗ್ಲಿರಿಸಿಡಿಯಾ ಕೊಂಬೆ ನೆಡಿ, ಬೇರು ಬಿಟ್ಟುಕೊಂಡು ಜೀವಂತ ಗೂಟ ಆಗುತ್ತೆ. ಆ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವಂಥದ್ದು ಅಂತ. ಹಿಂದೆ ಅದರ ಬೀಜ, ತೊಗಟೆ ಇಲಿಪಾಷಾಣವಾಗಿ ಬಳಕೆಯಲ್ಲಿತ್ತು. ಮಳೆಗಾಲ ಮುಗಿದ ಮೇಲೆ ಸವರ್ತಾ ಇರಿ, ಸಸಿಗೆ ನೆರಳು ಜಾಸ್ತಿ ಆಗಬಾರದು.

ದುಡ್ಡೇ ಬೇಡ ಅನ್ನೋರಿಗೆ ಅಜ್ಜಂದಿರ ದಾರಿ ಇದೆ: ಜಾಲಿ ಮುಳ್ಳಿನ ಕೊಂಬೆಗಳನ್ನ ಬುಡ ಮೇಲೆ ಮಾಡಿ ಸಸಿ ಸುತ್ತ ಒತ್ತಾಗಿ ನಿಲ್ಲಿಸಿ ಹಗ್ಗ ಬಿಗಿಯೋದು. ಮೇಕೆ, ಮೊಲಕ್ಕೆ ಚೆನ್ನಾಗಿ ತಡೆಯುತ್ತೆ. ವರ್ಷಕ್ಕೊಮ್ಮೆ ಮುಳ್ಳು ಬದಲಾಯಿಸಬೇಕು ಅಷ್ಟೆ. ಹಳೇ ಸೀರೆ ಕಟ್ಟೋದು, ಕ್ಷೌರದಂಗಡಿಯ ಕೂದಲು ಚೆಲ್ಲೋದು, ಮಿಣಕ್ ಮಿಣಕ್ ಲೈಟು, ಇವೆಲ್ಲ ಹೊಸತರಲ್ಲಿ ಕೆಲಸ ಮಾಡ್ತವೆ. ಪ್ರಾಣಿಗೆ ಅಭ್ಯಾಸ ಆದ ಮೇಲೆ, ಅಥವಾ ಒಂದು ಜೋರು ಮಳೆ ಬಿದ್ದ ಮೇಲೆ ಇಲ್ಲ. ಮೆಷ್ ತರೋವರೆಗಿನ ಒಂದೆರಡು ವಾರಕ್ಕೆ ಸರಿ.

ಇಲಿ ಹೆಗ್ಗಣದ ಕೆಲಸ ಬೇರೆ

ನೆಲದೊಳಗಿಂದ ಬರೋವಕ್ಕೆ ಮೇಲಿನ ಬಲೆ ಒಂದೇ ಸಾಲದು. ಮೊದಲನೇ ಕೆಲಸ ಮುಚ್ಚಿಗೆ ಸರಿ ಮಾಡೋದು. ಬೇಸಿಗೆಗೆ ಅಂತ ತೆಂಗಿನ ಗರಿ, ಅಡಿಕೆ ಸಿಪ್ಪೆ, ಒಣಹುಲ್ಲು ಬುಡಕ್ಕೆ ಒತ್ತಿ ಹಾಕಿರ್ತೀವಿ. ಅದು ಇಲಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಕಾಂಡದ ಸುತ್ತ ಅರ್ಧ ಅಡಿ ಖಾಲಿ ಬಿಟ್ಟು ಅದರಾಚೆ ಹಾಕಿ. ತೋಟದ ಮೂಲೆಯ ಗರಿ ರಾಶಿಯನ್ನೂ ಸಸಿಗಳಿಂದ ದೂರ ಇಡಿ.

ಎರಡನೇದು ಬಿಲ. ಸಂಜೆ ಕಂಡ ಬಿಲಗಳಿಗೆಲ್ಲ ಹಸಿ ಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅಲ್ಲಿ ಮಾತ್ರ ಇಲಿ ಇದೆ, ಉಳಿದವು ಖಾಲಿ. ಇಪ್ಪತ್ತು ಬಿಲದಲ್ಲಿ ಐದೇ ತೆರೆದಿದ್ದರೆ ಆ ಐದರ ಹತ್ತಿರ ಮಾತ್ರ ಬೋನಿಟ್ಟರೆ ಆಯ್ತು. ಸುಟ್ಟ ಕೊಬ್ಬರಿ ಚೂರಿಗಿಂತ ಒಳ್ಳೆ ಆಮಿಷ ಇಲ್ಲ.

ಮೂರನೇದು ಗೂಬೆ. ಮನೆ ಮೇಲೆ ಕೂತರೆ ಅಪಶಕುನ ಅಂತೀವಿ, ತೋಟದಲ್ಲಿ ಕೂತರೆ ಪುಗಸಟ್ಟೆ ಕಾವಲುಗಾರ. ಹತ್ತು-ಹನ್ನೆರಡು ಅಡಿ ಉದ್ದದ ಗಳಕ್ಕೆ ಮೇಲೆ ಅಡ್ಡ ಕೋಲು ಕಟ್ಟಿ ಅಲ್ಲಲ್ಲಿ ನಿಲ್ಲಿಸಿ. ರಾತ್ರಿ ಅದರ ಮೇಲೆ ಕೂತು ಇಲಿ ಹಿಡಿಯುತ್ತೆ. ಕೇರೆ ಹಾವು ಕಂಡರೆ ಹೊಡೆಯಬೇಡಿ, ಅದರ ಇಂಗ್ಲಿಷ್ ಹೆಸರಲ್ಲೇ ಇಲಿ ಇದೆ.

ಬೆಳೆದ ತೆಂಗಿನ ಮರ ಹತ್ತಿ ಎಳನೀರು ಕೊರೆಯೋ ಇಲಿಗೆ ತಗಡಿನ ಪಟ್ಟಿ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ಜಿಐ ತಗಡು ಕಾಂಡಕ್ಕೆ ಸುತ್ತಿದರೆ ಉಗುರು ಜಾರಿ ಕೆಳಗೇ ಉಳಿಯುತ್ತೆ. ಪಕ್ಕದ ಮರದ ಗರಿ ತಾಗ್ತಿದ್ದರೆ ಮಾತ್ರ ಮೇಲಿಂದಲೇ ದಾಟುತ್ತೆ, ಆಗ ಎರಡಕ್ಕೂ ಸುತ್ತಬೇಕು.

ಈ ಮೂರನ್ನ ಮಾತ್ರ ಮಾಡ್ಬೇಡಿ

ಬೇಲಿಗೆ ನೇರ ಕರೆಂಟ್: ಪಂಪ್‌ಸೆಟ್ ಸ್ಟಾರ್ಟರಿಂದ ಒಂದು ವೈರ್ ಎಳೆದು ತಂತಿಗೆ ಕೊಡೋದು. ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಇಲ್ಲಿ ಬೇಲಿಯೇ ಮನೆಯವರನ್ನ ತಿನ್ನುತ್ತೆ. ಸೋಲಾರ್ ಬೇಲಿಯಲ್ಲೂ ಸಾವಿರಾರು ವೋಲ್ಟ್ ಇರುತ್ತಲ್ಲ ಅಂತ ಕೇಳ್ತಾರೆ. ವ್ಯತ್ಯಾಸ ಇರೋದು ಎಷ್ಟು ಹೊತ್ತು, ಎಷ್ಟು ಶಕ್ತಿ ಅನ್ನೋದರಲ್ಲಿ. ಸರಿಯಾದ ಎನರ್ಜೈಸರ್ ಸೆಕೆಂಡಿಗೆ ಒಮ್ಮೆ, ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು ಪಲ್ಸ್ ಕೊಟ್ಟು ನಿಲ್ಲುತ್ತೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಪಲ್ಸ್‌ನ ಶಕ್ತಿ 5 ಜೌಲ್ ಮೀರಬಾರದು. ಎರಡು ಪಲ್ಸ್ ಮಧ್ಯೆ ಕೈ ಬಿಡಿಸಿಕೊಳ್ಳೋಕೆ ಸಮಯ ಸಿಗುತ್ತೆ. ಲೈನಿನ 230 ವೋಲ್ಟ್ ನಿಲ್ಲೋದೇ ಇಲ್ಲ. ಸ್ನಾಯು ಬಿಗಿದು ಕೈ ತಂತಿಗೇ ಅಂಟಿಕೊಳ್ಳುತ್ತೆ. ಆ ತಂತಿ ತುಳಿಯೋದು ಮೊಲವೇ ಅಂತ ಏನು ಗ್ಯಾರಂಟಿ? ಬೆಳಗಿನ ಜಾವ ನೀರು ಕಟ್ಟೋಕೆ ಬಂದ ಪಕ್ಕದ ಜಮೀನಿನ ಹುಡುಗನೂ ಆಗಬಹುದು.

ಉರುಲು: ಮೊಲಕ್ಕೆ, ಹಂದಿಗೆ ಅಂತ ಕ್ಲಚ್ ವೈರಲ್ಲಿ ಕಟ್ಟಿದ ಉರುಲಿಗೆ ಚಿರತೆ ಸಿಕ್ಕಿಕೊಂಡ ಸುದ್ದಿ ನಮ್ಮ ಕಡೆ ಹೊಸದೇನಲ್ಲ. ಸೊಂಟಕ್ಕೆ ತಂತಿ ಬಿಗಿದ ಚಿರತೆ ಬಿಡಿಸಿಕೊಂಡು ಹೋದರೆ ಗಾಯಗೊಂಡು ಊರ ಸುತ್ತಲೇ ಇರುತ್ತೆ. ಮೊಲ, ಮುಳ್ಳುಹಂದಿ, ಜಿಂಕೆ, ಕಾಡುಹಂದಿ, ನವಿಲು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಉರುಲು ಹಾಕೋದೇ ಅಪರಾಧ, ಏನೂ ಬೀಳದಿದ್ದರೂ.

ವಿಷ: ಜಿಂಕ್ ಫಾಸ್ಫೈಡ್ ಹೊಟ್ಟೆ ಸೇರಿದರೆ ಫಾಸ್ಫೀನ್ ಅನಿಲ ಆಗುತ್ತೆ, ಅದಕ್ಕೆ ಪ್ರತಿವಿಷ ಇಲ್ಲ. ಮಕ್ಕಳು, ನಾಯಿ ಓಡಾಡೋ ತೋಟದಲ್ಲಿ ಅದನ್ನು ಹಿಟ್ಟಿನುಂಡೆ ಮಾಡಿ ಇಡೋ ಯೋಚನೆಯೇ ಬೇಡ. ಬ್ರೋಮಾಡಿಯೋಲೋನ್ ಬಿಲ್ಲೆ ನಿಧಾನದ ವಿಷ. ತಿಂದ ಇಲಿ ಕೆಲವು ದಿನ ತೂಕಡಿಸ್ತಾ ಓಡಾಡುತ್ತೆ, ಅದನ್ನ ಹಿಡಿದ ಗೂಬೆಗೂ ವಿಷ ಸೇರುತ್ತೆ. ನೀವೇ ಗಳ ನೆಟ್ಟು ಕರೆದ ಕಾವಲುಗಾರನನ್ನ ನೀವೇ ಕೊಂದ ಹಾಗಾಗುತ್ತೆ.

ಕಾಡುಪ್ರಾಣಿಯಿಂದ ನಿಜಕ್ಕೂ ದೊಡ್ಡ ನಷ್ಟ ಆದರೆ ದಿನಾಂಕ ಇರೋ ಫೋಟೋ, ಪಹಣಿ ಇಟ್ಟುಕೊಂಡು ಅರಣ್ಯ ಇಲಾಖೆಗೆ ಅರ್ಜಿ ಹಾಕಿ. ಬೆಳೆ ನಷ್ಟಕ್ಕೆ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಚಿರತೆ ಕಂಡರೆ ಸಹಾಯವಾಣಿ 1926. ಈ ನಂಬರನ್ನ ಊರಲ್ಲಿರೋರ ಮೊಬೈಲಿಗೂ ನೀವೇ ಸೇವ್ ಮಾಡಿಕೊಡಿ.

ಈ ಶನಿವಾರದ ಕೆಲಸ

ಗಿಡಗಳಿಗೆ ನಂಬರ್ ಹಾಕಿ, ಪ್ರತಿಯೊಂದರದ್ದೂ ಒಂದು ಫೋಟೋ ತೆಗೆಯಿರಿ. ಎಲ್ಲಕ್ಕೂ ಒಂದೇ ದಿನ ಬಲೆ ಕಟ್ಟೋಕೆ ದುಡ್ಡು ಅಥವಾ ಸಮಯ ಇಲ್ಲ ಅಂದ್ರೆ ಮೊದಲು ಕಸಿ ಗಿಡಗಳಿಗೆ, ಆಮೇಲೆ ಪೊದೆ, ಬದು, ಕೆರೆ ಕಡೆಯ ಅಂಚಿನ ಸಾಲಿಗೆ. ಪ್ರಾಣಿ ಒಳಗೆ ಬರೋದು ಆ ಅಂಚಿಂದಲೇ. ಇಬ್ಬರು ಸೇರಿದರೆ ಒಂದು ದಿನಕ್ಕೆ ಇಪ್ಪತ್ತು ಗಿಡ ಆರಾಮಾಗಿ ಮುಗಿಯುತ್ತೆ. ತಿಂಗಳಿಗೊಮ್ಮೆ ಒಳಗಿನ ಕಳೆ ತೆಗೆದು, ವೈರ್ ಕಾಂಡಕ್ಕೆ ಕಚ್ಚುತ್ತಿಲ್ಲವಾ ನೋಡಿ. ಕಾಂಡ ಮಣಿಕಟ್ಟಿನಷ್ಟು ದಪ್ಪ ಆಗಿ, ಚಿಗುರು ಪ್ರಾಣಿಯ ಬಾಯಿಗೆ ಎಟುಕದಷ್ಟು ಮೇಲೆ ಹೋದ ಮೇಲೆ, ಹೆಚ್ಚೂಕಮ್ಮಿ ಎರಡು-ಮೂರು ವರ್ಷಕ್ಕೆ ಬಿಚ್ಚಬಹುದು.

ಬಲೆ ಕಟ್ಟಿದ ಮೇಲೂ ಒಂದೆರಡು ಗಿಡ ಹೋಗ್ತವೆ. ಹೋದರೆ ಹೋಗಲಿ, ಮುಂದಿನ ಮಳೆಗೆ ಇನ್ನೊಂದು ನೆಡೋಣ. ನರ್ಸರಿಯಲ್ಲಿ ಸಸಿ ಇನ್ನೊಂದು ಸಿಗುತ್ತೆ.

ಮುಂದಿನ ಕಂತು: ಎಳೆ ಗಿಡಕ್ಕೆ ಮೊದಲ ಬೇಸಿಗೆ, ಎಷ್ಟು ನೀರು, ಎಷ್ಟು ನೆರಳು. ನಿಮ್ಮೂರ ಕಡೆ ಸಸಿ ಕಾಯೋಕೆ ಬೇರೆ ಉಪಾಯ ಇದ್ದರೆ ಬರೆದು ಕಳಿಸಿ. ಹಲ್ಲಿನ ಗುರುತಿನ ಫೋಟೋ ಇದ್ದರಂತೂ ತಪ್ಪದೇ ಕಳಿಸಿ, ಸೇರಿ ಪತ್ತೆ ಹಚ್ಚೋಣ.